ಹಳೆಯ ಕ್ಲಚ್, ಹೊಸ ವೇಗ: ಖಾತರಿ ಯಾರದು?

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ಶಿವಾಜಿನಗರದ ಗುಜರಿ ಓಣಿಗಳೂ ನಗರದ ಕಾರು ಮಾಲೀಕರಿಗೆ ಹೊಸವಲ್ಲ. ಹಳೆಯ ಕಾರಿನ ಬಾಗಿಲು, ಕನ್ನಡಿ, ದೀಪಗಳನ್ನು ಅರಸಿ ಹೋಗುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಇವರ ಸಾಲಿಗೆ ಇನ್ನೊಂದು ವರ್ಗ ಸೇರಿದೆ. ಎಂಜಿನ್‌ನ ಶಕ್ತಿ ಹೆಚ್ಚಿಸಿಕೊಂಡು, ಅದನ್ನು ತಾಳಿಕೊಳ್ಳಬಲ್ಲ ಬಲವಾದ ಕ್ಲಚ್ಚನ್ನು ಅರ್ಧ ಬೆಲೆಗೆ ಹುಡುಕುವ ವೇಗಪ್ರಿಯರ ವರ್ಗವದು. ಗುಜರಿಯಲ್ಲಿ ಸಿಗದಿದ್ದರೆ ಅಂತರ್ಜಾಲದ ಜಾಹೀರಾತುಗಳಲ್ಲಿ, ರೇಸ್ ಬಿಟ್ಟವರ ಗ್ಯಾರೇಜುಗಳಲ್ಲಿ ಹುಡುಕಾಟ ಮುಂದುವರಿಯುತ್ತದೆ.

ಮೇಲ್ನೋಟಕ್ಕೆ ಇದು ಕೆಲವರ ಹವ್ಯಾಸದ ಮಾತು. ಆದರೆ ಹೀಗೆ ಕೊಂಡ ವಸ್ತು ಕೈಕೊಟ್ಟರೆ ಹೊಣೆ ಯಾರದು ಎಂಬ ಪ್ರಶ್ನೆ ಹವ್ಯಾಸದ ಎಲ್ಲೆ ಮೀರಿದ್ದು. ಬಳಸಿದ ಬಿಡಿಭಾಗಗಳ ಇಡೀ ಮಾರುಕಟ್ಟೆಯ ಸ್ಥಿತಿಯನ್ನೇ ಅದು ಎತ್ತಿ ತೋರಿಸುತ್ತದೆ.

ಬೇಡಿಕೆ ಏಕೆ?

ಇಂದಿನ ಟರ್ಬೊ ಕಾರುಗಳಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕಾಚಾರ ಬದಲಿಸಿದರೆ ಸಾಕು, ಎಂಜಿನ್ ಹೊಮ್ಮಿಸುವ ತಿರುಗುಬಲ ಗಣನೀಯವಾಗಿ ಏರುತ್ತದೆ. ಆ ಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವುದು ಕ್ಲಚ್. ಎಂಜಿನ್‌ನ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್‌ಗಳ ನಡುವೆ ಕ್ಲಚ್ ಪ್ಲೇಟ್ ಒತ್ತಿ ಹಿಡಿಯಲ್ಪಟ್ಟಿರುತ್ತದೆ. ಅದರ ಹಿಡಿತವನ್ನು ನಿರ್ಧರಿಸುವ ಅಂಶಗಳು ನಾಲ್ಕು: ಸ್ಪ್ರಿಂಗ್‌ನ ಒತ್ತಡ, ಪ್ಲೇಟಿನ ಮೈಯ ಘರ್ಷಣೆ, ಪ್ಲೇಟಿನ ತ್ರಿಜ್ಯ ಹಾಗೂ ಘರ್ಷಿಸುವ ಮೈಗಳ ಸಂಖ್ಯೆ. ತಯಾರಕರು ಮೂಲ ಎಂಜಿನ್‌ಗೆ ಬೇಕಾದಷ್ಟು ಹಿಡಿತವನ್ನು ಕೊಂಚ ಹೆಚ್ಚುವರಿಯೊಂದಿಗೆ ಕೊಟ್ಟಿರುತ್ತಾರೆ. ಬಲ ಆ ಮಿತಿ ದಾಟಿದರೆ ಪ್ಲೇಟ್ ಜಾರತೊಡಗುತ್ತದೆ. ಎಂಜಿನ್ ಕೂಗುತ್ತದೆ, ಕಾರು ಓಡುವುದಿಲ್ಲ, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ.

ಇದಕ್ಕೆ ಪರಿಹಾರವೇ ಅಧಿಕ ಸಾಮರ್ಥ್ಯದ ಕ್ಲಚ್. ಅದರಲ್ಲಿ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಪ್ಲೇಟಿಗೆ ಸಾಮಾನ್ಯ ಲೈನಿಂಗ್ ಬದಲು ಸೆರಾಮಿಕ್ ಅಥವಾ ಲೋಹದ ಪುಡಿಯಿಂದ ಮಾಡಿದ ಬಿಲ್ಲೆಗಳಿರುವುದೂ ಉಂಟು. ಇವು ವಿದೇಶದಿಂದ ಬರುವುದೇ ಹೆಚ್ಚು, ಬೆಲೆಯೂ ದುಬಾರಿ. ಸೆಕೆಂಡ್ ಹ್ಯಾಂಡ್ ಮಾಲಿನ ಆಕರ್ಷಣೆ ಹುಟ್ಟುವುದು ಇಲ್ಲಿಯೇ.

ಅಗ್ಗದ ಲೆಕ್ಕ

ಆದರೆ ಕ್ಲಚ್ ಬಾಗಿಲಿನಂತಲ್ಲ, ಅದು ಸವೆಯಲೆಂದೇ ಮಾಡಿದ ವಸ್ತು. ಬಳಸಿದ ಕ್ಲಚ್ ಕೊಳ್ಳುವವನು ಉಳಿದ ಆಯುಷ್ಯವನ್ನಷ್ಟೇ ಕೊಳ್ಳುತ್ತಾನೆ. ಲೈನಿಂಗ್ ರಿವೆಟ್ ತಲೆಯ ಮಟ್ಟಕ್ಕೆ ಇಳಿದಿದ್ದರೆ ಆ ಪ್ಲೇಟಿನ ಕಾಲ ಮುಗಿದಂತೆ. ಪ್ರೆಷರ್ ಪ್ಲೇಟಿನ ಮೇಲೆ ನೀಲಿಗಟ್ಟಿದ ಕಲೆ ಅಥವಾ ಕೂದಲೆಳೆಯ ಬಿರುಕು ಕಂಡರೆ ಅದು ಅತಿಯಾಗಿ ಕಾದಿದೆ ಎಂದೇ ಅರ್ಥ. ಎಣ್ಣೆ ಕುಡಿದ ಲೈನಿಂಗ್, ತುದಿ ಸವೆದ ಡಯಾಫ್ರಂ ಸ್ಪ್ರಿಂಗ್, ಸಡಿಲಗೊಂಡ ನಡುವಿನ ಸ್ಪ್ರಿಂಗ್‌ಗಳು, ಇವೆಲ್ಲ ಕಣ್ಣಿಗೆ ಕಾಣುವ ದೋಷಗಳು. ಲೋಹ ಎಷ್ಟು ಬಾರಿ ಕಾದು ತಣಿದಿದೆ ಎಂಬುದು ಮಾತ್ರ ಬರಿಗಣ್ಣಿಗೆ ಕಾಣದು. ಮಾರುವವನು ಹೇಳದಿದ್ದರೆ ಆ ಚರಿತ್ರೆ ತಿಳಿಯುವ ದಾರಿಯೇ ಇಲ್ಲ.

ಇನ್ನು ಜೋಡಣೆಯ ಖರ್ಚು. ಕ್ಲಚ್ ಹೊಸದಿರಲಿ ಹಳೆಯದಿರಲಿ, ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ. ಇಳಿಸಿದ ಮೇಲೆ ರಿಲೀಸ್ ಬೇರಿಂಗ್ ಹೊಸದನ್ನೇ ಹಾಕಬೇಕು, ಎಂಜಿನ್ ಹಿಂಬದಿಯ ಆಯಿಲ್ ಸೀಲ್ ನೋಡಬೇಕು, ಅಗತ್ಯವಿದ್ದರೆ ಫ್ಲೈವೀಲ್‌ನ ಮೈಯನ್ನು ಲೇತ್‌ನಲ್ಲಿ ಸಮಗೊಳಿಸಬೇಕು. ಪ್ಲೇಟಿನ ನಡುವಿನ ಹಲ್ಲುಗಳು ಗೇರ್‌ಬಾಕ್ಸ್‌ನ ಶಾಫ್ಟಿಗೆ ಹೊಂದುತ್ತವೆಯೇ ಎಂಬುದನ್ನು ಮೊದಲೇ ಪರೀಕ್ಷಿಸಬೇಕು. ಒಂದೇ ಮಾದರಿಯ ಕಾರಿನಲ್ಲಿಯೂ ಎಂಜಿನ್ ಬದಲಾದರೆ ಅಳತೆ ಬದಲಾಗಬಹುದು. ಬೋಲ್ಟ್‌ಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಮೊದಲ ಕೆಲವು ನೂರು ಕಿಲೋಮೀಟರ್ ಕಾರನ್ನು ಸಾವಧಾನವಾಗಿ ಓಡಿಸಿ ಮೈಗಳು ಪರಸ್ಪರ ಹೊಂದಿಕೊಳ್ಳಲು ಬಿಡಬೇಕು. ಈ ಪೈಕಿ ಒಂದು ತಪ್ಪಿದರೂ ಗೇರ್‌ಬಾಕ್ಸ್ ಮತ್ತೆ ಇಳಿಯಬೇಕಾಗಿ ಬರಬಹುದು. ಆಗ ಉಳಿತಾಯವೆಲ್ಲ ಎರಡನೆಯ ಕೂಲಿಗೆ ಜಮೆಯಾಗುತ್ತದೆ. ಹಳೆಯ ಪ್ರೆಷರ್ ಪ್ಲೇಟ್ ಸುಸ್ಥಿತಿಯಲ್ಲಿದ್ದರೆ ಅದಕ್ಕೆ ಹೊಸ ಕ್ಲಚ್ ಪ್ಲೇಟ್ ಕೂಡಿಸುವುದು ಇದ್ದುದರಲ್ಲಿ ಜಾಣತನ.

ರೇಸಿಗೆಂದೇ ಮಾಡಿದ ಕ್ಲಚ್ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ನಗರಕ್ಕೆ ಒಗ್ಗದು ಎಂಬುದೂ ಗಮನಾರ್ಹ. ಪೆಡಲ್ ಭಾರ, ಹಿಡಿತ ಒರಟು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅರ್ಧ ಗಂಟೆ ನಿಂತವರ ಎಡಗಾಲಿಗೆ ಇದರ ಅರ್ಥ ಬೇಗ ಆಗುತ್ತದೆ.

ಕಾನೂನು ಏನೆನ್ನುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ಕ್ಲಚ್‌ನ ವಿವರ ನೋಂದಣಿ ಪತ್ರದಲ್ಲಿ ಇರುವುದಿಲ್ಲ. ಹೀಗಾಗಿ ಹೊಗೆಕೊಳವೆ, ಚಕ್ರಗಳತ್ತ ಹರಿಯುವ ಅಧಿಕಾರಿಗಳ ಕಣ್ಣು ಗೇರ್‌ಬಾಕ್ಸ್‌ನ ಒಳಗೆ ಹೋಗುವುದಿಲ್ಲ. ಆದರೆ ಅಪಘಾತವಾದಾಗ ವಿಮಾ ಸಂಸ್ಥೆ ಕೇಳುವ ಪ್ರಶ್ನೆ ಬೇರೆ. ತಿಳಿಸದೆ ಮಾಡಿಸಿದ ಮಾರ್ಪಾಡು ಪರಿಹಾರಕ್ಕೇ ಕುತ್ತು ತರಬಲ್ಲದು.

ಮಾಲಿನ ಮೂಲ ಇನ್ನೊಂದು ಆತಂಕ. ಉತ್ತರ ಪ್ರದೇಶದ ಮೀರತ್‌ನ ಸೋತಿಗಂಜ್ ಮಾರುಕಟ್ಟೆ ಕದ್ದ ವಾಹನಗಳ ಬಿಡಿಭಾಗಗಳಿಗೆ ಕುಖ್ಯಾತವಾಗಿತ್ತು. 2021ರಲ್ಲಿ ಪೊಲೀಸರ ಕಾರ್ಯಾಚರಣೆಯಿಂದ ಅದು ಬಾಗಿಲು ಹಾಕಿತು. ಕಳವಿನ ಮಾಲೆಂದು ತಿಳಿದೂ ಕೊಳ್ಳುವವನಿಗೆ ಭಾರತೀಯ ನ್ಯಾಯ ಸಂಹಿತೆಯಡಿ ಮೂರು ವರ್ಷಗಳವರೆಗೆ ಸಜೆಯುಂಟು. ರಸೀದಿಯಿಲ್ಲದ ವ್ಯಾಪಾರದಲ್ಲಿ ತನಗೆ ತಿಳಿದಿರಲಿಲ್ಲವೆಂದು ತೋರಿಸುವುದು ಗ್ರಾಹಕನಿಗೆ ಸುಲಭವಲ್ಲ.

ಬೇಕಾದುದು ಗುರುತು

ಹಾಗೆಂದು ಈ ಮಾರುಕಟ್ಟೆಯನ್ನು ಮುಚ್ಚಿಸುವುದು ಉತ್ತರವಾಗದು. ಬಿಡಿಭಾಗಗಳನ್ನು ಮುಕ್ತವಾಗಿ ಮಾರಾಟಕ್ಕೆ ಬಿಡದ ಕಾರಣಕ್ಕೆ 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿದ್ದನ್ನು ಮರೆಯುವಂತಿಲ್ಲ. ದುಬಾರಿ ಬೆಲೆಯೇ ಗ್ರಾಹಕನನ್ನು ಗುಜರಿಗೆ ತಳ್ಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದು ಕೊಂಚ ಸಮಾಧಾನ.

ಅಮೆರಿಕದ ಡ್ರ್ಯಾಗ್ ರೇಸ್‌ಗಳಲ್ಲಿ ಅತಿ ವೇಗದ ಕಾರುಗಳ ಕ್ಲಚ್ ಮತ್ತು ಫ್ಲೈವೀಲ್‌ಗಳಿಗೆ ಎಸ್‌ಎಫ್‌ಐ ಸಂಸ್ಥೆಯ ಮಾನದಂಡದ ಮುದ್ರೆ ಬೇಕು. ಅತಿ ವೇಗದಲ್ಲಿ ತಿರುಗುವ ಲೋಹ ಒಡೆದರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ ಎಂಬ ಅನುಭವದಿಂದ ಬಂದ ನಿಯಮವದು. ಭಾರತದಲ್ಲಿ ಆಯುಷ್ಯ ಮುಗಿದ ವಾಹನಗಳ ವೈಜ್ಞಾನಿಕ ವಿಲೇವಾರಿಗೆ 2021ರಿಂದ ನೋಂದಾಯಿತ ಘಟಕಗಳ ವ್ಯವಸ್ಥೆಯಿದೆ; 2025ರ ಏಪ್ರಿಲ್‌ನಿಂದ ಪರಿಸರ ನಿಯಮಗಳೂ ಜಾರಿಗೆ ಬಂದಿವೆ. ಅಲ್ಲಿಂದ ಹೊರಬರುವ ಪ್ರತಿಯೊಂದು ಬಿಡಿಭಾಗಕ್ಕೂ ಅದರ ಮೂಲ ವಾಹನ, ಓಡಿದ ದೂರ, ಪರೀಕ್ಷಿಸಿದವರ ಹೆಸರು ಇರುವ ಚೀಟಿಯೊಂದು ಅಂಟಿಕೊಂಡರೆ ಗ್ರಾಹಕನ ಅರ್ಧ ಸಂಶಯ ನಿವಾರಣೆಯಾಗುತ್ತದೆ, ಪ್ರಾಮಾಣಿಕ ವ್ಯಾಪಾರಿಗೂ ಮರ್ಯಾದೆ ದೊರೆಯುತ್ತದೆ. ಅಲ್ಲಿಯವರೆಗೆ ರಸೀದಿ ಕೇಳುವುದು, ನಂಬಿಕಸ್ತ ಮೆಕ್ಯಾನಿಕ್‌ಗೆ ತೋರಿಸಿಯೇ ದುಡ್ಡು ಎಣಿಸುವುದು, ಇವೆರಡೇ ಗ್ರಾಹಕನ ಕೈಯಲ್ಲಿರುವ ರಕ್ಷಣೆ.