ಮರುಭೂಮಿ ತೋರ್ಸು ಅಂದಳು ಮಗಳು, ತಲಕಾಡಿಗೆ ಕರ್ಕೊಂಡೋದೆ

ಈ ಸಲ ಬೆಳೆ ವಿಚಾರ, ಮಾರ್ಕೆಟ್ ರೇಟಿನ ವಿಚಾರ ಬರೀತಿಲ್ಲ. ಮೇ ತಿಂಗಳಲ್ಲಿ ಮಗಳ ಜೊತೆ ಒಂದು ದಿನದ ಪ್ರವಾಸ ಹೋಗಿದ್ದೆ, ಅದರ ಬಗ್ಗೆ ಬರೀತೀನಿ. ಕೊನೆಗೆ ಬಂದು ನಿಲ್ಲೋದು ಬೋರ್‌ವೆಲ್ ವಿಚಾರಕ್ಕೇ. ಹಾಗಾಗಿ ಒಸಿ ಉದ್ದ ಆದರೂ ಪೂರ್ತಿ ಓದಿ.

ನನ್ನ ಮಗಳು ಒಂಬತ್ತನೇ ತರಗತಿ ಮುಗಿಸಿದ್ದಾಳೆ. ರಜೆ ಶುರುವಾದಾಗಿಂದ ಒಂದೇ ಹಠ. ಅವಳ ಕ್ಲಾಸಿನ ಹುಡುಗಿ ಮನೆಯವರು ರಾಜಸ್ಥಾನಕ್ಕೆ ಹೋಗಿ ಬಂದಿದ್ದಾರೆ. ಜೈಸಲ್ಮೇರಿನಲ್ಲಿ ಒಂಟೆ ಮೇಲೆ ಕೂತ ಫೋಟೊ, ಮರಳಿನ ಮೇಲೆ ಸೂರ್ಯ ಮುಳುಗೋ ಫೋಟೊ ಎಲ್ಲಾ ಮೊಬೈಲಿಗೆ ಬಂದಿವೆ. "ಅಪ್ಪ, ನಮಗೂ ಮರುಭೂಮಿ ತೋರ್ಸು. ಹಳೇ ಕೋಟೆ, ಹಳೇ ಊರು ಎಲ್ಲಾ ಇರ್ತದಂತೆ." ನಾನು ಎರಡೆಕರೆ ಹತ್ತು ಗುಂಟೆ ಇಟ್ಕೊಂಡಿರೋನು. ಮಾರ್ಚಿನಲ್ಲೇ ಬೋರು ನಿಂತು ಬಾಳೆ ಒಣಗ್ತಿತ್ತು. ಜೈಸಲ್ಮೇರಿಗೆ ಎಲ್ಲಿಂದ ಹೋಗೋದು? "ನಮ್ಮ ಪಕ್ಕದಲ್ಲೇ ಒಂದು ಮರಳುಗಾಡು ಅದ. ರಾಜರ ರಾಜಧಾನಿನೇ ಮರಳಲ್ಲಿ ಮುಚ್ಚೋಗದ. ಅದನ್ನ ತೋರಿಸ್ತೀನಿ ಬಾ ಕೂಸು" ಅಂದೆ.

ಬೆಳಿಗ್ಗೆ ತೆರಕಣಾಂಬಿ ಮೇಲೆ ಚಾಮರಾಜನಗರ, ಅಲ್ಲಿಂದ ಸಂತೇಮರಹಳ್ಳಿ, ಮೂಗೂರು, ತಿ. ನರಸೀಪುರ, ಆಮೇಲೆ ತಲಕಾಡು. ಅವಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ನನಗೊಬ್ಬನಿಗೇ ಖರ್ಚು. ಮುಡುಕುತೊರೆ ಮಲ್ಲಿಕಾರ್ಜುನನಿಗೆ ಬಸ್ಸಿಂದಲೇ ಕೈಮುಗಿದೆವು. ಇಳಿಯೋ ಹೊತ್ತಿಗೆ ಬಿಸಿಲು ಏರಿತ್ತು.

ನಾನು ಹಿಂದೆ ತಲಕಾಡಿಗೆ ಹೋಗಿದ್ದು 1993ರ ಪಂಚಲಿಂಗ ದರ್ಶನದಲ್ಲಿ, ನಮ್ಮಪ್ಪನ ಜೊತೆ. ಆ ಜನದ ನೂಕುನುಗ್ಗಲಲ್ಲಿ ಮರಳು ನೋಡಿದ ನೆನಪೇ ಇಲ್ಲ. ಈ ಸಲ ಜನ ಕಡಿಮೆ. ಚಪ್ಪಲಿ ಬಿಟ್ಟು ನಡೆದರೆ ಕಾಲು ಸುಡುತ್ತೆ, ನೆರಳು ಮಾಡಿರೋ ದಾರಿಯಲ್ಲೇ ಹೋಗಬೇಕು. ಮರಳಿನ ದಿಬ್ಬದ ಮೇಲೆ ನೀಲಗಿರಿ, ಸರ್ವೆ ಮರ. ಪಾತಾಳೇಶ್ವರ, ಮರಳೇಶ್ವರ ದೇವಸ್ಥಾನಗಳು ಹಳ್ಳದಲ್ಲಿ ಕೂತ ಹಾಗಿವೆ, ಮೆಟ್ಟಿಲು ಇಳಿದು ಹೋಗಬೇಕು. ಮಗಳು ಮೇಲೆ ನಿಂತು, "ಅಪ್ಪ, ಗೋಪುರದ ತಲೆ ನಮ್ಮ ಕಾಲಿಗಿಂತ ಕೆಳಗದ" ಅಂದಳು. ವೈದ್ಯನಾಥೇಶ್ವರನ ದರ್ಶನ ಮಾಡಿ, ಕೀರ್ತಿನಾರಾಯಣನ ಗುಡಿಗೂ ಹೋದೆವು. ಹೊಯ್ಸಳ ವಿಷ್ಣುವರ್ಧನ ಚೋಳರನ್ನ ಸೋಲಿಸಿ ತಲಕಾಡುಗೊಂಡ ಅನ್ನಿಸಿಕೊಂಡ ಮೇಲೆ 1117ರ ಸುಮಾರಿಗೆ ಕಟ್ಟಿಸಿದ್ದು ಅದು. ಅದಕ್ಕೂ ಮುಂಚೆ ಇದು ಗಂಗರ ರಾಜಧಾನಿ, ನಡುವೆ ಚೋಳರ ಕೈಯಲ್ಲಿ ರಾಜರಾಜಪುರ. ಜೈಸಲ್ಮೇರಿನ ಕೋಟೆಗಿಂತ ಹಳೇ ಊರು ಕಣಮ್ಮ ಅಂದಾಗ ಮಗಳ ಮುಖ ಒಸಿ ಅರಳಿತು.

ಕೂತು ಬುತ್ತಿ ಬಿಚ್ಚಿದಾಗ ನಮ್ಮಪ್ಪ ನನಗೆ ಹೇಳಿದ್ದ ಕಥೆನೇ ನಾನೂ ಹೇಳಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡಿದ್ದು, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಒಡವೆ ಸಮೇತ ಈ ಕಡೆ ಬಂದಿದ್ದು, ಒಡವೆಗೆ ಸೈನಿಕರು ಬಂದಾಗ ಶಾಪ ಹಾಕಿ ಮಾಲಂಗಿ ಹತ್ರ ಹೊಳೆಗೆ ಬಿದ್ದಿದ್ದು. ತಲಕಾಡು ಮರಳಾಯ್ತು, ಮಾಲಂಗಿ ಮಡುವಾಯ್ತು, ಒಡೆಯರಿಗೆ ಮಕ್ಕಳಾಗಲಿಲ್ಲ. ನಿಮಗೆಲ್ಲ ಗೊತ್ತಿರೋ ಕಥೆನೇ.

ಮಗಳು ಚಿತ್ರಾನ್ನ ತಿಂತಾ ಕೇಳಿದಳು. "ಒಡವೆಗೆ ಸೈನಿಕರನ್ನ ಕಳಿಸಿದ್ದು ರಾಜರು. ಮರಳು ಬಿದ್ದಿದ್ದು ಈ ಊರೋರ ಮನೆ ಮೇಲೆ. ಇವರೇನ್ ಮಾಡಿದ್ರಪ್ಪ?"

ನನಗೆ ಉತ್ತರ ಬರಲಿಲ್ಲ. ನಮ್ಮಪ್ಪನನ್ನ ನಾನು ಹಾಗೆ ಕೇಳಲೂ ಇಲ್ಲ.

ಅವಳು ಬಿಡಲಿಲ್ಲ. ವಾಪಸ್ ಬಂದ ಮೇಲೆ ಎರಡು ದಿನ ಮೊಬೈಲಿನಲ್ಲಿ ಹುಡುಕಿ ಹುಡುಕಿ ನನಗೆ ಓದಿ ಹೇಳಿದಳು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾಗಿದ್ದ, ಕಾದಂಬರಿನೂ ಬರೆಯೋ ಕೆ.ಎನ್. ಗಣೇಶಯ್ಯನವರು 2007ರಲ್ಲಿ ಈ ಬಗ್ಗೆ ಒಂದು ವಿಜ್ಞಾನ ಲೇಖನ ಬರೆದಿದ್ದಾರೆ. ಅದರ ಸಾರಾಂಶ ಹೀಗಿದೆ. ತಲಕಾಡಿನ ಹತ್ರ ಕಾವೇರಿ ಜೋರಾಗಿ ತಿರುವು ತಗೊಳ್ಳುತ್ತೆ. ಅದಕ್ಕೂ ಮೇಲೆ, ಹೆಮ್ಮಿಗೆ ಹತ್ರ, 14ನೇ ಶತಮಾನದಲ್ಲಿ ವಿಜಯನಗರದ ಮಾಧವ ಮಂತ್ರಿ ಕಟ್ಟಿಸಿದ ಕಟ್ಟೆ ಇದೆ. ಕಟ್ಟೆಯಿಂದ ಕೆಳಗೆ ಹೊಳೆಯಲ್ಲಿ ನೀರು ಇಳಿಯಿತು. ನೀರಿನ ಅಡಿಯಲ್ಲಿದ್ದ ಮರಳು ಬಿಸಿಲಿಗೆ ಬಿತ್ತು. ಮುಂಗಾರು ಗಾಳಿ ಬೀಸಿದಾಗೆಲ್ಲ ಒಣಮರಳು ಎದ್ದು ಊರ ಮೇಲೆ ಬಂದು ಕೂತಿತು. ಶಾಪದ ಕಥೆ ಆಮೇಲೆ ಬಂದು ಅದಕ್ಕೆ ಅಂಟಿಕೊಂಡಿತು.

ಇದನ್ನ ಎಲ್ಲರೂ ಒಪ್ಪಬೇಕು ಅಂತ ಇಲ್ಲ. ಆದರೆ ಹೊಲದಲ್ಲಿ ಮೂವತ್ತು ವರ್ಷ ಗಾಳಿ, ಮಣ್ಣು ನೋಡಿರೋ ನನಗೆ ಇದು ಸರಿ ಅನ್ನಿಸಿತು. ಉತ್ತು ಬಿಟ್ಟ ಒಣ ಹೊಲದ ಮಣ್ಣು ಜೂನ್ ಗಾಳಿಗೆ ಯಾರ ಬದುವಿಗೆ ಹೋಗಿ ಕೂರುತ್ತೆ ಅಂತ ನಿಮಗೂ ಗೊತ್ತು.

1897ರಲ್ಲಿ ಅಚ್ಚಾದ ಬಿ.ಎಲ್. ರೈಸರ ಮೈಸೂರು ಗೆಜೆಟಿಯರ್‌ನಲ್ಲಿ ಇನ್ನೂ ಎರಡು ಮಾತಿದೆ. ಒಂದು, ಮರಳಿನ ದಿಬ್ಬ ವರ್ಷಕ್ಕೆ ಒಂಬತ್ತು ಹತ್ತು ಅಡಿ ಊರ ಮೇಲೆ ನುಗ್ಗುತ್ತಿತ್ತು, ಜನ ಮನೆ ಬಿಟ್ಟು ಬಿಟ್ಟು ಹಿಂದಕ್ಕೆ ಸರೀತಿದ್ದರು. ಇನ್ನೊಂದು, ಅಷ್ಟಾದರೂ ಊರು ಬೆಳೀತಿತ್ತು, ಯಾಕಂದ್ರೆ ಅದೇ ಮಾಧವ ಮಂತ್ರಿ ಕಟ್ಟೆಯ ನಾಲೆಯಿಂದ ಸುತ್ತಮುತ್ತ ಒಳ್ಳೇ ಗದ್ದೆ ಬೇಸಾಯ ಇತ್ತು.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಭತ್ತ ಕೊಟ್ಟಿದ್ದೂ ಕಟ್ಟೆ, ಮರಳು ತಂದಿದ್ದೂ ಕಟ್ಟೆ. ಕಟ್ಟಿಸಿದ ಮಂತ್ರಿ ಕೆಟ್ಟೋನಲ್ಲ, ನೀರು ಹರಿಸಿಕೊಂಡ ರೈತರೂ ಕೆಟ್ಟೋರಲ್ಲ. ನಮ್ಮ ಹಾಗೇ ಹೊಟ್ಟೆಪಾಡಿಗೆ ನೀರು ಬೇಕಾದೋರು. ಆದರೆ ಅದರ ಲೆಕ್ಕ ಇನ್ನೊಂದು ಕಡೆ, ನಿಧಾನಕ್ಕೆ, ವರ್ಷಕ್ಕೆ ಹತ್ತು ಅಡಿಯಂತೆ ಬಂತು. ಅಷ್ಟು ನಿಧಾನಕ್ಕೆ ಬರೋದು ಯಾರ ಕಣ್ಣಿಗೂ ತಪ್ಪಾಗಿ ಕಾಣಲ್ಲ. ಹಾಗಾಗಿ ಶಾಪ ಅಂದುಕೊಂಡರು. ಶಾಪ ಅಂದುಬಿಟ್ಟರೆ ಯಾರೂ ಏನೂ ಬದಲಾಯಿಸೋ ಹಾಗಿಲ್ಲ ನೋಡಿ.

ಈಗ ನಮ್ಮ ಕಥೆಗೆ ಬರ್ತೀನಿ.

ನನ್ನ ಜಮೀನಿನಲ್ಲಿ ಮೊದಲ ಬೋರು 1998ರಲ್ಲಿ, 180 ಅಡಿಗೆ ಎರಡಿಂಚು ನೀರು. ಎರಡನೆಯದು 2009ರಲ್ಲಿ 450 ಅಡಿ. ಮೂರನೆಯದು 2017ರಲ್ಲಿ 820 ಅಡಿ. 2023ರ ಬರ ಕಳೆದು ಈ ಮಾರ್ಚಿಗೆ ಅದೂ ಗಾಳಿ ಉಗುಳಿತು. ನಾಲ್ಕನೆಯದಕ್ಕೆ ಎಲ್ಲಾ ಗೊತ್ತಾಗಿತ್ತು. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡೋರು ಬಂದು ಕಲ್ಲು ಇಟ್ಟು ಹೋಗಿದ್ದರು. ಲಾರಿಯವರು 1,100 ಅಡಿಗೆ ಹೋಗಲೇಬೇಕು ಅಂದಿದ್ದರು. ಕೇಸಿಂಗ್, ಮೋಟಾರು, ಪೈಪು, ಕೇಬಲ್ಲು ಎಲ್ಲಾ ಸೇರಿ ಮೂರು ಲಕ್ಷ ದಾಟುತ್ತೆ. ಮನೆಯವಳ ಒಡವೆ ಅಡ ಇಡೋದು ಅಂತ ಮಾತಾಗಿತ್ತು. ಊರಲ್ಲಿ ಯಾರಾದರೂ ಕೇಳಿದರೆ "ಏನ್ ಮಾಡಾದು, ನಮ್ ಗ್ರಹಚಾರ, ಆ ಜಾಗದಲ್ಲಿ ನೀರೇ ನಿಲ್ಲಲ್ಲ" ಅಂತಿದ್ದೆ.

ಅವತ್ತು ರಾತ್ರಿ ಮಗಳು ಕೇಳಿದಳು. "ಅಪ್ಪ, ನಮ್ ಬೋರೂ ಶಾಪಾನಾ?"

ಆಮೇಲೆ ನೋಟ್‌ಬುಕ್ ತಗೊಂಡು ಲೆಕ್ಕ ಹಾಕಿದಳು. 180ರಿಂದ 820ಕ್ಕೆ 640 ಅಡಿ. 1998ರಿಂದ 2017ಕ್ಕೆ 19 ವರ್ಷ. ಭಾಗಿಸಿದರೆ ವರ್ಷಕ್ಕೆ ಮೂವತ್ತಮೂರು ಅಡಿ ಚಿಲ್ಲರೆ. ತಲಕಾಡಿಗೆ ಮರಳು ಬಂದಿದ್ದು ವರ್ಷಕ್ಕೆ ಹತ್ತು ಅಡಿ. ನಮ್ಮ ಹೊಲದಲ್ಲಿ ನೀರು ಅದರ ಮೂರು ಪಟ್ಟು ವೇಗದಲ್ಲಿ ಓಡಿ ಹೋಗಿದೆ. ಮರಳು ಕಣ್ಣಿಗೆ ಕಾಣುತ್ತಿತ್ತು, ಇದು ಕಾಣಲ್ಲ. ಅಷ್ಟೇ ವ್ಯತ್ಯಾಸ.

ಓಡಿಸಿದ್ದು ಯಾರು? ನಾನೇ. ಬಾಳೆಗೆ, ಅರಿಶಿನಕ್ಕೆ ಕರೆಂಟ್ ಬಂದಾಗೆಲ್ಲ ಮೋಟಾರ್ ಹಾಕಿ ಕಾಲುವೆ ತುಂಬಾ ನೀರು ಹಾಯಿಸಿದೋನು ನಾನು. 2017ರಲ್ಲಿ ನಾನು 820 ಅಡಿಗೆ ಹೋದ ಮೇಲೆ ಪಕ್ಕದ ಜಮೀನಿನ ಅಣ್ಣನ 500 ಅಡಿ ಬೋರು ಆರು ತಿಂಗಳಿಗೆ ನಿಂತಿತು. ಆ ಅಣ್ಣ ಈಗ ದಿಂಡಿಗಲ್ ಕಡೆ ಕೂಲಿಗೆ ಹೋಗ್ತಾರೆ. ನನ್ನ ಬೋರಿಂದಲೇ ನಿಂತಿತು ಅಂತ ಸಾಬೀತು ಮಾಡೋಕಾಗಲ್ಲ. ಆದರೆ ನನ್ನ ಮನಸ್ಸಿಗೆ ಗೊತ್ತು. ಅವರು ಇವತ್ತಿಗೂ ನನಗೆ ಒಂದು ಮಾತು ಅಂದಿಲ್ಲ. ಅವರೂ ಗ್ರಹಚಾರ ಅಂತಲೇ ಹೇಳ್ಕೋತಾರೆ.

ನಮ್ಮ ಗುಂಡ್ಲುಪೇಟೆ ತಾಲ್ಲೂಕು ಅಂತರ್ಜಲ ಅತಿಬಳಕೆಯ ತಾಲ್ಲೂಕು ಅಂತ ಸರ್ಕಾರದ ಪಟ್ಟಿಯಲ್ಲೇ ಇದೆ. ಅಂದರೆ ಮಳೆಯಿಂದ ಒಳಗೆ ಇಳಿಯೋದಕ್ಕಿಂತ ನಾವು ಮೇಲೆ ಎತ್ತೋದು ಜಾಸ್ತಿ. ನಮ್ಮಜ್ಜಿ ಊರು ಗುಂಡ್ಲು ಹೊಳೆ ಪಕ್ಕ. ಚಿಕ್ಕವನಿದ್ದಾಗ ಅಲ್ಲಿ ದನ ಮೈ ತೊಳೀತಿದ್ದೆವು. ಈಗ ವರ್ಷದಲ್ಲಿ ಎಷ್ಟು ದಿನ ನೀರು ಹರಿಯುತ್ತೆ ಅಂತ ಆ ಕಡೆಯವರೇ ಹೇಳಲಿ.

ಮಳೆ ಕಮ್ಮಿ ಅನ್ನಬೇಡಿ. ಪಶ್ಚಿಮಘಟ್ಟದ ಮಳೆ ನೆರಳಲ್ಲಿದ್ದೀವಿ, ನಿಜ. ಆದರೂ ಒಳ್ಳೇ ವರ್ಷ ನಮಗೆ ಬೀಳೋದರ ಮೂರನೇ ಒಂದು ಭಾಗವೂ ಮಗಳು ಆಸೆಪಟ್ಟ ಆ ಜೈಸಲ್ಮೇರಿಗೆ ಬೀಳಲ್ಲ, ಅಲ್ಲಿ ವರ್ಷಕ್ಕೆ 200 ಮಿ.ಮೀ. ದಾಟೋದೇ ಕಷ್ಟ. ಅಲ್ಲಿನ ರೈತರು ಖಡೀನ್ ಅಂತ ಮಾಡ್ತಾರೆ. ಇಳಿಜಾರಿಗೆ ಅಡ್ಡ ಉದ್ದಕ್ಕೆ ಮಣ್ಣಿನ ಏರಿ ಹಾಕಿ, ಮಳೆಗಾಲದ ನೀರನ್ನ ಹೊಲದಲ್ಲೇ ನಿಲ್ಲಿಸಿ ಇಂಗಿಸಿ, ಚಳಿಗಾಲಕ್ಕೆ ಆ ತೇವದಲ್ಲೇ ಗೋಧಿ, ಕಡಲೆ ಬೆಳೀತಾರೆ. ನೂರಾರು ವರ್ಷದಿಂದ ನಡೆದು ಬಂದಿರೋದು. ಮರುಭೂಮಿಯೋರು ಮರುಭೂಮಿಯಲ್ಲಿ ಬೆಳೆ ತೆಗೀತಾರೆ, ನಾವು ಬೆಳೆಯೋ ಭೂಮಿನ ಮರುಭೂಮಿ ಮಾಡ್ತಿದ್ದೀವಿ.

ನಮ್ಮ ದೊಡ್ಡಣ್ಣ ನಕ್ಕುಬಿಟ್ಟ. "ಮೂರು ಬೋರು ಕೊರೆಸಿ ನೀರು ಕುಡ್ದೋನು ಈಗ ನೀತಿ ಹೇಳಾಕ್ ಬಂದನೆ. ನೀನ್ ಬುಟ್ರೆ ಪಕ್ಕದೋನು ಕೊರೆಸ್ತಾನ ಕಣಪ್ಪ. ಅಂವನ್ ತಡ್ದಿಯಾ?" ಅವನ ಮಾತಲ್ಲಿ ಸುಳ್ಳಿಲ್ಲ. ನಾನೊಬ್ಬ ಬಿಟ್ಟರೆ ನೀರು ಮೇಲೆ ಬರಲ್ಲ. ಅದಕ್ಕೇ ಇದನ್ನ ಮನೆಯಲ್ಲಿ ಇಟ್ಟುಕೊಳ್ಳದೆ ಇಲ್ಲಿ ಬರೀತಿರೋದು. ಒಂದೇ ಹಳ್ಳದ ಸಾಲಿನಲ್ಲಿ ಜಮೀನು ಇರೋ ಹತ್ತು ಮನೆಯವರು ಒಂದು ಸಾಯಂಕಾಲ ಕೂತು ಯಾರ್ಯಾರ ಬೋರು ಎಷ್ಟಡಿ, ಯಾವುದು ಓಡ್ತಿದೆ, ಯಾವುದು ನಿಂತಿದೆ ಅಂತ ಬರೆದರೆ ಸಾಕು, ಹೊಸ ಲಾರಿ ಕರೆಸೋಕೆ ಮುಂಚೆ ಎರಡು ಸಲ ಯೋಚನೆ ಮಾಡ್ತೀವಿ. ಆಲಂಬೂರಿಂದ ಕಬಿನಿ ನೀರು ಪಂಪ್ ಮಾಡಿ ನಮ್ಮ ಕಡೆ ಕೆರೆ ತುಂಬಿಸ್ತಿದ್ದಾರೆ, ಒಳ್ಳೇದೇ. ಆದರೆ ಅದು ಹೊರಗಿನ ನೀರು. ನಮ್ಮ ಮೇಲೇ ಬಿದ್ದ ಮಳೆ ಕೆರೆಗೆ ಹೋಗೋ ಕಾಲುವೆ ಎಲ್ಲೆಲ್ಲಿ ನಾವೇ ಉತ್ತು ಸೇರಿಸಿಕೊಂಡಿದ್ದೀವಿ ಅಂತ ನಮಗೆ ಗೊತ್ತಿಲ್ವಾ?

ನಾನು ಮಾಡಿದ್ದು ಇಷ್ಟು. ಪಾಯಿಂಟಿನ ಕಲ್ಲು ಕಿತ್ತು ಹಾಕಿದೆ. ಒಡವೆ ಮನೆಯಲ್ಲೇ ಇದೆ. ಇಳಿಜಾರಿನ ಮೂಲೆಯಲ್ಲಿ ಜೆಸಿಬಿ ತರಿಸಿ ಒಂದು ಹೊಂಡ ತೆಗೆಸಿದೆ, ಮೇಲಿನ ಬದು ಎತ್ತರಿಸಿದೆ. ಬಾಳೆ ಬಿಟ್ಟೆ, ಅರ್ಧ ಎಕರೆ ತರಕಾರಿಗೆ ಡ್ರಿಪ್ಪು, ಉಳಿದಿದ್ದಕ್ಕೆ ಜೋಳ, ಅವರೆ, ಹುರುಳಿ. ಜೂನ್ ಮೊದಲ ಮಳೆಗೆ ಹೊಂಡ ಅರ್ಧ ತುಂಬಿ, ನಾಲ್ಕು ದಿನಕ್ಕೆ ಇಂಗಿಹೋಯ್ತು. ಅಣ್ಣ ಅದಕ್ಕೂ ನಕ್ಕ. ಇಂಗಲಿ ಅಂತಲೇ ತೆಗೆಸಿದ್ದು ಅಂದೆ. ಈ ವರ್ಷ ಕೈಗೆ ಬರೋ ದುಡ್ಡು ಕಮ್ಮಿ ಆಗುತ್ತೆ, ಅದನ್ನ ಮುಚ್ಚಿಡಲ್ಲ. ಮಗಳ ಎಸ್ಸೆಸ್ಸೆಲ್ಸಿ ವರ್ಷ ಬೇರೆ. ಸಾಲ ಇಲ್ಲದೆ ದಾಟಿದರೆ ಸಾಕು ಅಂದುಕೊಂಡಿದ್ದೀನಿ.

ಮಕ್ಕಳಿಗೆ ತಲಕಾಡು ತೋರಿಸಿ ಬಂಧುಗಳೇ. ಅಲಮೇಲಮ್ಮನ ಕಥೆನೂ ಹೇಳಿ, ಆಕೆಗೆ ಅನ್ಯಾಯ ಆಗಿದ್ದನ್ನ ಮರೀಬಾರದು. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಹೆಮ್ಮಿಗೆ ಹತ್ರ ಹೋಗಿ ಆ ಕಟ್ಟೆನೂ ತೋರಿಸಿ. ಮನೆಗೆ ಬಂದ ಮೇಲೆ ನಿಮ್ಮ ಮೊದಲ ಬೋರು ಎಷ್ಟಡಿ, ಕೊನೇ ಬೋರು ಎಷ್ಟಡಿ, ನಡುವೆ ಎಷ್ಟು ವರ್ಷ ಅಂತ ಹೇಳಿ, ಅವರ ಕೈಯಿಂದಲೇ ಭಾಗಾಕಾರ ಮಾಡಿಸಿ. ಬಂದ ಉತ್ತರ ಎಷ್ಟು ಅಂತ ನನಗೂ ತಿಳಿಸಿ.