ಬಾಯಿಮಾತಿನ ಆದೇಶಕ್ಕೆ ಸಹಿ ಯಾರದು?

ಮಾನ್ಯರೇ,

ತಮ್ಮ ಹೆಸರನ್ನಾಗಲಿ ಹುದ್ದೆಯನ್ನಾಗಲಿ ಇಲ್ಲಿ ಬರೆದಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಸ್ಥಳೀಯ ಸಂಸ್ಥೆಗಳ ಟೆಂಡರ್ ಶಾಖೆಯ ಕುರ್ಚಿಯಲ್ಲಿ ಕೂತವರಿಗೆ ಇದು ಯಾರಿಗೆ ಬರೆದದ್ದೆಂದು ಬೇಗ ತಿಳಿಯುತ್ತದೆ. ತಮಗೆ ಇನ್ನೂ ಬೇಗ ತಿಳಿಯಬೇಕು. ನಾನು ಈ ಮೂರೂ ಊರುಗಳಲ್ಲಿ ಖರೀದಿ ಮತ್ತು ಗುತ್ತಿಗೆಯ ಕಡತ ನೋಡಿಕೊಂಡು, ಪ್ರಥಮ ದರ್ಜೆ ಸಹಾಯಕನಾಗಿಯೇ ನಿವೃತ್ತನಾದವನು. ಸೇವೆಯಲ್ಲಿದ್ದಿದ್ದರೆ ಹೀಗೆ ಪತ್ರಿಕೆಗೆ ಬರೆಯಲು ನಡತೆ ನಿಯಮ ಬಿಡುತ್ತಿರಲಿಲ್ಲ. ಮೊದಲು ತಮಗೆ ಮನವಿ ಕೊಟ್ಟೆ. ನೆನಪೋಲೆ ಕಳಿಸಿದೆ. ತಮ್ಮ ಕಚೇರಿಯ ಬಾಗಿಲಲ್ಲಿ ಕೂತು ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ; ಅದಕ್ಕೆ ಮಾತ್ರ ಉತ್ತರ ಬಂತು. ಆ ಉತ್ತರ ಓದಿದ ಮೇಲೆಯೇ ಈ ಪತ್ರ ಬರೆಯಲು ಕೂತದ್ದು.

ಪ್ರಕರಣ ತಮಗೆ ಗೊತ್ತಿದೆ. ಓದುಗರಿಗಾಗಿ ನಾಲ್ಕು ಮಾತು. ಈ ಮೂರು ಊರುಗಳ ಪೈಕಿ ಒಂದರಲ್ಲಿ, ಯಾವುದೆಂದು ಹೇಳುವುದಿಲ್ಲ, ಕಳೆದ ಬೇಸಿಗೆಯಲ್ಲಿ ಜನ ಖಾಲಿ ಕೊಡ ಹಿಡಿದು ರಸ್ತೆಗೆ ಬಂದರು. ರಾತ್ರಿ ಮೇಲಿನಿಂದ ಫೋನು ಬಂತು: "ಟ್ಯಾಂಕರ್ ಬಿಡ್ಸಿ, ಮೋಟಾರ್ ಇಳಿಸ್ರಿ. ಪೇಪರ್ ಆಮ್ಯಾಲೆ ಮಾಡ್ಕಂಡ್ರಾತು, ನಾನದೀನಲ್ಲ." ಕೇಳಿಸಿಕೊಂಡವಳು ಒಬ್ಬ ದ್ವಿತೀಯ ದರ್ಜೆ ಸಹಾಯಕಿ, ತಂದೆ ತೀರಿದ ಮೇಲೆ ಅನುಕಂಪದ ಆಧಾರದಲ್ಲಿ ಸೇರಿದ ಹುಡುಗಿ. ಟ್ಯಾಂಕರ್ ಓಡಿದವು, ಮೋಟಾರ್ ಇಳಿದವು, ಜನರಿಗೆ ನೀರು ಸಿಕ್ಕಿತು. ಫೋನು ಮಾಡಿದವರು ಮಳೆಗಾಲಕ್ಕೆ ಮೊದಲೇ ವರ್ಗವಾಗಿ ಹೋದರು. ಲೆಕ್ಕಪರಿಶೋಧನೆಯವರು ಬಂದು ಟೆಂಡರ್ ಇಲ್ಲ, ದರಪಟ್ಟಿ ಇಲ್ಲ, ಕಾರ್ಯಾದೇಶ ಇಲ್ಲ ಎಂದು ಬರೆದರು. ಅವರು ಬರೆದದ್ದು ಸರಿಯೇ. ಟ್ಯಾಂಕರಿನವರ ಬಿಲ್ಲು ನಿಂತಿತು. ಹುಡುಗಿಯ ಕೈಗೆ ದೋಷಾರೋಪಣ ಪಟ್ಟಿ ಬಂತು. ಕರ್ತವ್ಯಲೋಪ, ಕಾಯ್ದೆ ಉಲ್ಲಂಘನೆ, ಸಂಸ್ಥೆಗೆ ಆರ್ಥಿಕ ನಷ್ಟ. ಸಂಬಳದಿಂದ ವಸೂಲಿ ಮಾಡುವ ಪ್ರಸ್ತಾವವೂ ಇದೆಯಂತೆ.

ಅವಳು ಸುಮ್ಮನೆ ಕೂತಿರಲಿಲ್ಲ. ಮರುದಿನವೇ ಟಿಪ್ಪಣಿ ಹಾಳೆಯಲ್ಲಿ "ಮೇಲಧಿಕಾರಿಗಳ ಮೌಖಿಕ ಸೂಚನೆಯಂತೆ" ಎಂದು ಬರೆದು ಘಟನೋತ್ತರ ಅನುಮೋದನೆಗೆ ಮಂಡಿಸಿದಳು. ಕಡತ ವಾಪಸು ಬಂತು. ಅದರ ಮೇಲೆ ಇದ್ದದ್ದು ಒಂದೇ ಪದ: "ಚರ್ಚಿಸಿ". ಚರ್ಚೆಯಲ್ಲಿ ಏನು ಹೇಳಿದರು? ಆ ಸಾಲು ಇರುವ ಹಾಳೆ ತೆಗೆದು ಬೇರೆ ಹಾಳೆ ಹಾಕು ಎಂದರು. ಅದೂ ಬಾಯಿಮಾತಿನಲ್ಲೇ. ಅವಳು ಹಾಕಲಿಲ್ಲ.

ಆ ಧೈರ್ಯ ಅವಳಿಗೆ ಬಂದದ್ದು ತಮ್ಮಿಂದ. ಅದಕ್ಕೆ ಮೊದಲಿನ ಚಳಿಗಾಲದಲ್ಲಿ ಮೂರೂ ಊರಿನ ಖರೀದಿ ಶಾಖೆಯವರನ್ನು ತಾವು ಬಳ್ಳಾರಿಗೆ ಕರೆಸಿದ್ದಿರಿ. ನಿವೃತ್ತಿ ಹತ್ತಿರವಿದ್ದ ನಾನು ಎದ್ದು ನಿಂತು ಕೇಳಿದೆ, ಫೋನಿನಲ್ಲಿ ಬರುವ ಆದೇಶಕ್ಕೆ ಏನು ಮಾಡಬೇಕು ಸಾರ್ ಎಂದು. ತಾವು ಮೈಕು ಹತ್ತಿರಕ್ಕೆ ಎಳೆದುಕೊಂಡು ಹೇಳಿದಿರಿ: "ಇನ್ನು ಮೇಲೆ ಯಾರೇ ಹೇಳಲಿ, ನಾನೇ ಹೇಳಲಿ, ಮರುದಿನ ಕಚೇರಿ ತೆರೆಯುವಷ್ಟರಲ್ಲಿ ಅದನ್ನು ಬರೆದು ಕೊಡುತ್ತೇವೆ. ಕೊಡದಿದ್ದರೆ ನೀವು ಕಡತದಲ್ಲಿ ಬರೆದಿಡಿ, ನಿಮಗೆ ಏನೂ ಆಗದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಒಂದು ವಾರದಲ್ಲಿ ಸುತ್ತೋಲೆ ಬರುತ್ತದೆ." ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಸರ್ಕಾರಿ ಸಭೆಯಲ್ಲಿ ಹಿಂದಿನ ಸಾಲಿನವರು ಮನಸ್ಸಿಟ್ಟು ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡದ್ದು ಅಪರೂಪ. ಆ ಹುಡುಗಿ ನನ್ನ ಪಕ್ಕದಲ್ಲೇ ಕೂತು, ದಿನಾಂಕ ಹಾಕಿ, ತಮ್ಮ ಮಾತನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಂಡಳು.

ಸುತ್ತೋಲೆ ಬರಲೇ ಇಲ್ಲ.

ಹೊರಗಿನವರಿಗೆ ಬಾಯಿಮಾತಿನ ಆದೇಶದಲ್ಲಿ ಇಷ್ಟು ಸಂಕಟ ಯಾಕೆ ಎನ್ನಿಸಬಹುದು. ಒಂದು ಪಂಪು ಕೊಳ್ಳುವುದು ಹೇಗೆಂದು ನೋಡಿ. ನೀರು ಸರಬರಾಜು ಶಾಖೆಯಿಂದ ಬೇಡಿಕೆ ಬರಬೇಕು. ಎಂಜಿನಿಯರು ಅಂದಾಜು ಪಟ್ಟಿ ಮಾಡಬೇಕು. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಪೋರ್ಟಲಿನಲ್ಲಿ ಟೆಂಡರ್, ತಾಂತ್ರಿಕ ಲಕೋಟೆ, ಆರ್ಥಿಕ ಲಕೋಟೆ, ತುಲನಾತ್ಮಕ ಪಟ್ಟಿ, ಭದ್ರತಾ ಠೇವಣಿ, ಕಾರ್ಯಾದೇಶ, ಸರಕು ಬಂದ ಮೇಲೆ ದಾಸ್ತಾನು ಪುಸ್ತಕ, ಕೊನೆಗೆ ಬಿಲ್ಲು. ಸಣ್ಣ ಖರೀದಿಯಾದರೆ ಮೂರು ದರಪಟ್ಟಿ ಸಾಕು. ಫೋನು ಬಂದ ದಿನ ಇದೆಲ್ಲ ತಲೆಕೆಳಗು. ಪಂಪು ಮೊದಲು ಬೋರಿಗೆ ಇಳಿಯುತ್ತದೆ, ದರಪಟ್ಟಿ ಆಮೇಲೆ ಬರುತ್ತದೆ. ಮೂರು ಅಂಗಡಿಯ ಹೆಸರಿನ ಮೂರು ದರಪಟ್ಟಿ ಒಂದೇ ಕಂಪ್ಯೂಟರಿನಿಂದ ಹೊರಬಿದ್ದಿರುತ್ತವೆ, ಮೂರರಲ್ಲೂ ಅದೇ ಕಾಗುಣಿತದ ತಪ್ಪು. ಅಧಿಕಾರಿಗಳ ಡಿಜಿಟಲ್ ಸಹಿಯ ಡಾಂಗಲ್ ಆಪರೇಟರ್ ಮೇಜಿನ ಡ್ರಾಯರಿನಲ್ಲಿರುತ್ತದೆ. ಇದನ್ನೆಲ್ಲ ಬಲ್ಲವರೇ ಖರೀದಿ ನಿಯಮದ ಬಗ್ಗೆ ತರಬೇತಿ ಶಿಬಿರದಲ್ಲಿ ಉಪನ್ಯಾಸ ಕೊಡುತ್ತಾರೆ.

ರಾಜ್ಯದ 1999ರ ಖರೀದಿ ಪಾರದರ್ಶಕತೆ ಕಾಯ್ದೆಯಲ್ಲಿ ತುರ್ತಿಗೆ ಜಾಗ ಇಲ್ಲವೆಂದಲ್ಲ. ನಾಲ್ಕನೇ ಕಲಮಿನಲ್ಲಿ ಪ್ರಕೃತಿ ವಿಕೋಪ ಮತ್ತು ತುರ್ತು ಪರಿಸ್ಥಿತಿಗೆ ವಿನಾಯಿತಿ ಇದೆ. ಆದರೆ ಅದನ್ನು ಸರ್ಕಾರ ಘೋಷಿಸಿರಬೇಕು. ಫೋನಿನಲ್ಲಿ ಗಾಬರಿಯಾಗಿ ಮಾತಾಡಿದರೆ ಘೋಷಣೆ ಆಗುವುದಿಲ್ಲ. ನಿಜವಾದ ತುರ್ತು ಹೇಗಿರುತ್ತದೆಂದು ಈ ಭಾಗದವರಿಗೆ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ಕಿತ್ತುಹೋಗಿ ನೀರು ಹರಿದು ಹೋಗುತ್ತಿದ್ದಾಗ, ಪರಿಣತ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು ಕರೆಸಿ, ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಕೂರಿಸಿದರು. ಅದು ತುರ್ತು. ಬೇಸಿಗೆಯಲ್ಲಿ ನೀರು ಕಡಿಮೆಯಾಗುವುದು ತುರ್ತೇ? ಕಾಲುವೆಗೆ ನೀರು ಎಲ್ಲಿಯವರೆಗೆ ಹರಿಯುತ್ತದೆಂದು ನೀರಾವರಿ ಸಲಹಾ ಸಮಿತಿ ತಿಂಗಳುಗಳ ಮೊದಲೇ ತೀರ್ಮಾನಿಸುತ್ತದೆ. ಕಾಲುವೆ ನಿಂತರೆ ಬಳ್ಳಾರಿಗೆ ಅಲ್ಲೀಪುರದಂಥ ಕೆರೆಗಳಲ್ಲಿ ಉಳಿದಷ್ಟೇ ಗತಿ ಎಂಬುದು ಕೌಲ್ ಬಜಾರಿನ ಮಕ್ಕಳಿಗೂ ಗೊತ್ತು. ಕುರುಗೋಡಿನ ದೊಡ್ಡಬಸವೇಶ್ವರನ ತೇರು ಯಾವತ್ತು, ಬಳ್ಳಾರಿಯ ಕನಕ ದುರ್ಗಮ್ಮನ ಸಿಡಿಬಂಡಿ ಯಾವತ್ತು ಎಂಬುದು ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಆದರೂ ನಮ್ಮ ಕಡೆಯ ಕಚೇರಿಗಳಲ್ಲಿ ಜಾತ್ರೆಗಳ ಲೈಟು, ಬ್ಲೀಚಿಂಗ್ ಪುಡಿ, ನೀರಿನ ತೊಟ್ಟಿಗಳ ಖರೀದಿಗೆ ಮೂರು ದಿನ ಉಳಿದಾಗ ಫೋನು ಬರುವುದನ್ನು ನಾನು ಸೇವೆಯುದ್ದಕ್ಕೂ ಕಂಡಿದ್ದೇನೆ. ಸೋಮಾರಿತನಕ್ಕೆ ತುರ್ತು ಎಂದು ಹೆಸರಿಟ್ಟು ನಡೆಸಿದ ಕಾರುಬಾರು ಇದು.

ಬಾಯಿಮಾತು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ದೂರದ ದೇಶದ ಉದಾಹರಣೆ ಬೇಡ. ಬೆಳಗಾವಿ ಪಕ್ಕದ ಹಿಂಡಲಗಾದಲ್ಲಿ 2021ರ ಲಕ್ಷ್ಮೀದೇವಿ ಜಾತ್ರೆಗೆಂದು ರಸ್ತೆ, ಚರಂಡಿ ಸೇರಿ 108 ಕಾಮಗಾರಿ, ಸುಮಾರು ನಾಲ್ಕು ಕೋಟಿ ರೂಪಾಯಿಯ ಕೆಲಸ ಮಾಡಿದ್ದೇನೆ ಎಂದು ಗುತ್ತಿಗೆದಾರ ಸಂತೋಷ್ ಪಾಟೀಲ ಹೇಳುತ್ತಿದ್ದರು. ಕಾರ್ಯಾದೇಶ ಇರಲಿಲ್ಲ, ಬಾಯಿಮಾತಿನ ಭರವಸೆ ಮೇಲೆ ಮಾಡಿದೆ ಎಂಬುದು ಅವರ ಮಾತು. 2022ರ ಏಪ್ರಿಲ್‌ನಲ್ಲಿ ಉಡುಪಿಯ ವಸತಿಗೃಹದಲ್ಲಿ ಅವರು ಶವವಾಗಿ ಸಿಕ್ಕರು. ಆರೋಪ ಹೊತ್ತ ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಈಶ್ವರಪ್ಪನವರು ರಾಜೀನಾಮೆ ಕೊಟ್ಟರು. ಕೆಲವೇ ತಿಂಗಳಲ್ಲಿ ಪೊಲೀಸರು ಪ್ರಕರಣ ಮುಚ್ಚುವ ಬಿ ರಿಪೋರ್ಟ್ ಹಾಕಿದರು. ಯಾರು ಏನು ಹೇಳಿದ್ದರು ಎಂಬುದನ್ನು ಈಗ ಯಾವ ಕಾರ್ಯಾದೇಶವೂ ಹೇಳುವುದಿಲ್ಲ, ಯಾಕೆಂದರೆ ಕಾರ್ಯಾದೇಶವೇ ಇರಲಿಲ್ಲ.

ನಿಮಗೆ ಕಾನೂನು ಹೇಳಿಕೊಡಲು ನಾನು ಯಾರು? ಆದರೂ ಹೇಳಬೇಕಾಗಿದೆ. ಸಂಪುಟ ಕಾರ್ಯದರ್ಶಿಯಾಗಿದ್ದ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2013ರ ಅಕ್ಟೋಬರ್ 31ರಂದು ಹೇಳಿತು: ಅಧಿಕಾರಿಗಳು ಬಾಯಿಮಾತಿನ ಸೂಚನೆಯ ಮೇಲೆ ನಡೆಯಬಾರದು, ಅನಿವಾರ್ಯವಾದಾಗ ಅದನ್ನು ದಾಖಲಿಸಬೇಕು. ಐಎಎಸ್‌ನವರ ನಡತೆ ನಿಯಮದಲ್ಲಿ ಇದು ಅದಕ್ಕಿಂತ ಹಿಂದಿನಿಂದಲೂ ಇದೆ. ಬಾಯಿಮಾತಿನ ಆದೇಶ ಕೊಟ್ಟ ಮೇಲಧಿಕಾರಿ ಕೂಡಲೇ ಅದನ್ನು ಬರಹದಲ್ಲಿ ದೃಢೀಕರಿಸಬೇಕು, ಕೆಳಗಿನವರು ದೃಢೀಕರಣ ಕೇಳಿದರೆ ಕೊಡುವುದು ಅವರ ಕರ್ತವ್ಯ. ಅಂದರೆ ಆ ದಿನ ಮೈಕು ಎಳೆದುಕೊಂಡು ನೀವು ಕೊಟ್ಟ ಮಾತು ದೊಡ್ಡ ಕೃಪೆಯೇನೂ ಅಲ್ಲ. ಮೊದಲೇ ಇದ್ದ ನಿಯಮ. ನಾವೇ ಅದಕ್ಕೆ ಚಪ್ಪಾಳೆ ತಟ್ಟಿದೆವು.

ಇನ್ನು ಮಾಹಿತಿ ಹಕ್ಕಿನ ಉತ್ತರ. ನಾನು ಕೇಳಿದ್ದು ಆ ಸಭೆಯ ನಡವಳಿಯ ಪ್ರತಿ. ಅದು ಬಂತು. ಅದರಲ್ಲಿ ಸಭೆಯ ದಿನಾಂಕ ಇದೆ, ಹಾಜರಿದ್ದವರ ಪಟ್ಟಿ ಇದೆ, ಆ ಹುಡುಗಿಯ ಸಹಿಯೂ ನನ್ನ ಸಹಿಯೂ ಇವೆ. ನಿಮ್ಮ ಮಾತು ಮಾತ್ರ ಇಲ್ಲ. ಅದರ ಜಾಗದಲ್ಲಿ ಹೀಗಿದೆ: "ಖರೀದಿ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ, ತಪ್ಪಿದಲ್ಲಿ ಸಂಬಂಧಿಸಿದ ವಿಷಯ ನಿರ್ವಾಹಕರನ್ನೇ ಹೊಣೆಗಾರರನ್ನಾಗಿ ಮಾಡಲಾಗುವುದೆಂದು ಸಿಬ್ಬಂದಿಗೆ ಸೂಚಿಸಲಾಯಿತು." ಮೇಲಿನವರು ಬರೆದು ಕೊಡುತ್ತೇವೆ ಎಂದ ಮಾತು, ಕೆಳಗಿನವರನ್ನು ಹಿಡಿದು ಹಾಕುತ್ತೇವೆ ಎಂದು ಟೈಪ್ ಆಗಿದೆ. ಕೆಳಗೆ ನಿಮ್ಮ ಸಹಿ. ಓದದೆ ಹಾಕಿದಿರೋ, ಓದಿಯೇ ಹಾಕಿದಿರೋ? ಎರಡರಲ್ಲಿ ಯಾವುದು ವಾಸಿ ಎಂದು ನನಗೆ ತೋಚುತ್ತಿಲ್ಲ. ಆ ಹುಡುಗಿ ದೋಷಾರೋಪಣೆಗೆ ಕೊಟ್ಟ ತನ್ನ ಉತ್ತರದಲ್ಲಿ ನಿಮ್ಮ ಮಾತನ್ನು ಎತ್ತಿ ಹೇಳಿದಾಗ "ಅಂತಹ ಯಾವುದೇ ನಿರ್ದೇಶನ ದಾಖಲೆಯಲ್ಲಿ ಲಭ್ಯವಿಲ್ಲ" ಎಂದು ತಳ್ಳಿಹಾಕಿದ್ದಾರೆ. ಲಭ್ಯವಿರುವುದು ಹೇಗೆ? ಬಾಯಿಮಾತಿನ ಆದೇಶ ನಿಲ್ಲಿಸುತ್ತೇನೆಂದು ನೀವು ಕೊಟ್ಟ ಆದೇಶವೂ ಬಾಯಿಮಾತೇ ಆಗಿತ್ತು.

ಒಬ್ಬ ಗುಮಾಸ್ತೆಯ ವಿಚಾರಣೆಗೆ ಇಷ್ಟೆಲ್ಲ ಗಲಾಟೆಯೇ ಎಂದು ನಿಮ್ಮ ಸುತ್ತ ಇರುವವರು ಹೇಳಬಹುದು. ಖರೀದಿ ಕಡತದಲ್ಲಿ ಏನಿರುತ್ತದೆಂದು ಬಳ್ಳಾರಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. 2024ರ ನವೆಂಬರ್‌ನಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಸಂಶಯ ಬಂದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ಅದನ್ನು ಯಾರು ಕೊಂಡರು, ಯಾರು ಪರೀಕ್ಷೆ ಮಾಡಿಸಿದರು, ಯಾರು ಬಳಸಬಹುದೆಂದರು ಎಂದು ಇಡೀ ರಾಜ್ಯ ಕೇಳಿತು. ನಮ್ಮ ಊರುಗಳ ನೀರಿಗೆ ಹಾಕುವ ಪಟಿಕ, ಬ್ಲೀಚಿಂಗ್ ಪುಡಿಯನ್ನೂ ಯಾರೋ ಕೊಳ್ಳುತ್ತಾರೆ. ನಾಳೆ ಫೋನಿನಲ್ಲಿ ಹೇಳಿ ತರಿಸಿದ ಪುಡಿಯಿಂದ ಜನ ವಾಂತಿ ಭೇದಿಗೆ ಬಿದ್ದರೆ ಯಾರ ಹೆಸರು ಬರುತ್ತದೆ? ತಂದು ಸುರಿದ ವಾಟರ್‌ಮ್ಯಾನ್ ಹೆಸರು, ದಾಸ್ತಾನು ಪುಸ್ತಕ ಬರೆದವಳ ಹೆಸರು.

ಈ ಜಿಲ್ಲೆಗೆ ಹಣ ಬರುತ್ತಿಲ್ಲವೇ? ಅದಿರಿನಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುವ ಹಣ, ಕಲ್ಯಾಣ ಕರ್ನಾಟಕ ಮಂಡಳಿಯ ಹಣ, ಹಣಕಾಸು ಆಯೋಗದ ಅನುದಾನ ಎಲ್ಲವೂ ಬರುತ್ತದೆ. ಅದನ್ನು ನಿಯಮದಂತೆ ಖರ್ಚು ಮಾಡಬೇಕಾದ ಶಾಖೆಯಲ್ಲಿ ನಾನು ಕಂಡಷ್ಟು ಕಾಲ ಇದ್ದದ್ದು ಒಬ್ಬ ಗುಮಾಸ್ತ, ಒಬ್ಬ ಹೊರಗುತ್ತಿಗೆ ಆಪರೇಟರು. ಆ ಆಪರೇಟರಿನ ಸಂಬಳವೇ ಮೂರು ತಿಂಗಳಿಗೊಮ್ಮೆ. ಖಾಲಿ ಹುದ್ದೆ ತುಂಬುವುದಿಲ್ಲ. ಟೆಂಡರ್ ಕರೆಯಲು ಪುರುಸೊತ್ತಿಲ್ಲವೆಂದು ಕಾಯ್ದೆಯ ನಾಲ್ಕು ಜಿ ಕಲಮಿನ ವಿನಾಯಿತಿ ತಂದು ಕೆಲಸವನ್ನು ಸರ್ಕಾರದ ಅಂಗಸಂಸ್ಥೆಗಳಾದ ಭೂಸೇನೆಗೋ ನಿರ್ಮಿತಿ ಕೇಂದ್ರಕ್ಕೋ ದಾಟಿಸುವುದು ಇನ್ನೊಂದು ಹಾದಿ. ದೊಡ್ಡ ಕೆಲಸವನ್ನು ಒಡೆದು ತುಂಡು ಗುತ್ತಿಗೆ ಮಾಡಬಾರದೆಂದು ನಿಯಮ ಹೇಳುತ್ತದೆ. ತುಂಡು ಮಾಡಿ ತಾ ಎಂದು ಫೋನು ಹೇಳುತ್ತದೆ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ಗಣಿ ವರದಿಯಲ್ಲಿ ಅಧಿಕಾರಿ, ನೌಕರರ ಹೆಸರುಗಳು ನೂರಾರು ಇದ್ದವು. ಅವರಲ್ಲಿ ಎಷ್ಟು ಮಂದಿ ಹಣ ತಿಂದವರು, ಎಷ್ಟು ಮಂದಿ ಬರೀ ಫೋನು ಎತ್ತಿಕೊಂಡವರು? ಯಾರಾದರೂ ಬಿಡಿಸಿ ನೋಡಿದರೋ ನನಗೆ ಗೊತ್ತಿಲ್ಲ. ಇಷ್ಟಾದರೂ ಈ ಊರಿನ ಅಧಿಕಾರಿಗಳಿಗೆ ಬರೆದು ಕೊಡುವ ಅಭ್ಯಾಸ ಬಂದಿಲ್ಲ.

ಟ್ಯಾಂಕರಿನವರ ಮಾತನ್ನೂ ಹೇಳಿಬಿಡುತ್ತೇನೆ. ಅವರಲ್ಲಿ ಒಬ್ಬರು ಕುರುಗೋಡು ಕಡೆಯವರು, ಸಾಲ ಮಾಡಿ ಡೀಸೆಲ್ ಹಾಕಿಸಿದವರು. ಅವರಿಗೆ ದುಡ್ಡು ಸಿಗಲಿಲ್ಲ. ಅವರು ಬೈಯುವುದು ನಿಮ್ಮನ್ನಲ್ಲ, ಆ ಹುಡುಗಿಯನ್ನು. ಯಾಕೆಂದರೆ ಅವರಿಗೆ ಗೊತ್ತಿರುವ ಮುಖ ಅವಳದೊಂದೇ.

ನಾನು ಕೇಳುವುದು ಹೆಚ್ಚೇನಿಲ್ಲ. ಆ ಸುತ್ತೋಲೆ ಹೊರಡಿಸಿ. ಕರಡು ಬೇಕಾದರೆ ನಾನೇ ಬರೆದು ಕೊಡುತ್ತೇನೆ, ಮುಕ್ಕಾಲು ಪುಟ ಸಾಕು. ನಡವಳಿಗೆ ತಿದ್ದುಪಡಿ ಮಾಡಿ. ಟ್ಯಾಂಕರಿನವರ ನೀರು ಜನರಿಗೆ ಮುಟ್ಟಿದ್ದನ್ನು ವಾರ್ಡಿನವರಿಂದ ಕೇಳಿ ತಿಳಿದು, ಅವರ ಬಿಲ್ಲಿನ ಬಗ್ಗೆ ತೀರ್ಮಾನ ಮಾಡಿ. ಫೋನು ಮಾಡಿ ವರ್ಗವಾಗಿ ಹೋದವರನ್ನೂ ವಿಚಾರಣೆಗೆ ಕರೆಸಿ. ಆ ದಿನದ ಕರೆಗಳ ವಿವರವನ್ನು ಫೋನ್ ಕಂಪನಿಯಿಂದ ಕಾನೂನು ರೀತ್ಯಾ ತರಿಸಲು ಸಾಧ್ಯವೇ ನೋಡಿ.

ಆ ಹುಡುಗಿಯ ಇಲಾಖಾ ವಿಚಾರಣೆ ಮುಂದಿನ ತಿಂಗಳು ಮತ್ತೆ ಇದೆ. ಆ ಸಭೆಯಲ್ಲಿ ಇದ್ದವನೆಂದು ನಾನು ಸಾಕ್ಷಿ ಹೇಳಲು ಹೋಗುತ್ತಿದ್ದೇನೆ. ನಿವೃತ್ತ ಗುಮಾಸ್ತನ ಮಾತಿಗೆ ಅಲ್ಲಿ ಎಷ್ಟು ತೂಕವೆಂದು ನನಗೆ ಗೊತ್ತಿದೆ. ನೀವು ಬನ್ನಿ. ಆ ದಿನ ಏನು ಹೇಳಿದಿರೋ ಅದನ್ನು ವಿಚಾರಣಾಧಿಕಾರಿಯ ಮುಂದೆ ಹೇಳಿ. ಬರಲು ಬಿಡುವಿಲ್ಲದಿದ್ದರೆ ಬರೆದು ಕಳಿಸಿ, ಕೆಳಗೆ ಸಹಿ ಮಾಡಿ.

ಇತಿ,
ನಿವೃತ್ತ ಪ್ರಥಮ ದರ್ಜೆ ಸಹಾಯಕ, ಬಳ್ಳಾರಿ