ಜೋಕಿಗೆ ಎಫ್‌ಐಆರ್, ಕೊಲೆ ಬೆದರಿಕೆಗೆ ಏಕಿಲ್ಲ?



ಅಂತರ್ಜಾಲದ ಅಸಭ್ಯ ಹಾಸ್ಯಕ್ಕೆ ಮೂಗುದಾರ ಹಾಕಬೇಕು, ಅದಕ್ಕೊಂದು ಮಾರ್ಗಸೂಚಿ ಬೇಕು ಎಂಬ ಕೂಗು 2025ರ ಫೆಬ್ರುವರಿಯಿಂದ ಈ ರಾಜಧಾನಿಯಲ್ಲಿ ಏಳುತ್ತಲೇ ಇದೆ. ಸಂಸತ್ತಿನಲ್ಲಿ, ಸುಪ್ರೀಂ ಕೋರ್ಟಿನಲ್ಲಿ, ಟಿವಿ ಸ್ಟುಡಿಯೋಗಳಲ್ಲಿ ಎಲ್ಲ ಕಡೆ ಒಂದೇ ಚರ್ಚೆ: ಯಾವ ಜೋಕು ಹೇಳಬಹುದು, ಯಾವುದು ಕೂಡದು. ಜೋಕು ಕೇಳಿ ಕೆರಳಿದವರು ಏನು ಬರೆದರು, ಎಲ್ಲಿಗೆ ನುಗ್ಗಿದರು, ಯಾವ ಹೆಣ್ಣುಮಗಳಿಗೆ ಏನು ಮಾಡುತ್ತೇವೆಂದು ಹೆದರಿಸಿದರು ಎಂಬುದನ್ನು ಮಾತ್ರ ಯಾರೂ ಅಷ್ಟು ಗಂಭೀರವಾಗಿ ಕೇಳಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಹಾಸ್ಯ ಕಲಾವಿದ ಸಮಯ್ ರೈನಾ ನಡೆಸುತ್ತಿದ್ದ 'ಇಂಡಿಯಾಸ್ ಗಾಟ್ ಲೇಟೆಂಟ್' ಕಾರ್ಯಕ್ರಮದಲ್ಲಿ ಯೂಟ್ಯೂಬರ್ ರಣವೀರ್ ಅಲಹಾಬಾದಿಯಾ ಸ್ಪರ್ಧಿಯೊಬ್ಬರಿಗೆ ಹೆತ್ತವರ ದಾಂಪತ್ಯದ ಬಗ್ಗೆ ಕೇಳಿದ ಪ್ರಶ್ನೆ ಹೊಲಸಾಗಿತ್ತು. ಅದನ್ನು ನಾನು ಸಮರ್ಥಿಸುವುದಿಲ್ಲ, ಇಲ್ಲಿ ಮತ್ತೆ ಬರೆಯುವುದೂ ಇಲ್ಲ. ಆತ ಬೇಗನೆ ಕ್ಷಮೆ ಕೇಳಿದ, ರೈನಾ ಆ ಕಾರ್ಯಕ್ರಮದ ಎಲ್ಲ ವಿಡಿಯೋಗಳನ್ನೂ ತೆಗೆದುಹಾಕಿದ. ಆದರೂ ಗುವಾಹಟಿಯಲ್ಲಿ ಎಫ್‌ಐಆರ್, ಮಹಾರಾಷ್ಟ್ರ ಸೈಬರ್ ಪೊಲೀಸರಿಂದ ಎಫ್‌ಐಆರ್, ಜೈಪುರದಲ್ಲಿ ಮತ್ತೊಂದು. ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದಿಂದ ಸಮನ್ಸ್. ವ್ಯವಸ್ಥೆ ಮನಸ್ಸು ಮಾಡಿದರೆ ಎಷ್ಟು ಚುರುಕಾಗಿ ಕೆಲಸ ಮಾಡಬಲ್ಲದು ಎಂಬುದನ್ನು ನಾವೆಲ್ಲ ನೋಡಿದೆವು.

ಅದೇ ವಾರ ಅಲಹಾಬಾದಿಯಾನ ತಾಯಿಯ ಕ್ಲಿನಿಕ್ಕಿಗೆ ರೋಗಿಗಳ ಸೋಗಿನಲ್ಲಿ ಜನ ನುಗ್ಗಿದರೆಂದು ಆತನೇ ಬರೆದ. ಕೊಲೆ ಬೆದರಿಕೆಗಳು ಬರುತ್ತಿವೆ ಎಂದ. ತೀರ್ಪುಗಾರರ ಸಾಲಿನಲ್ಲಿ ಕುಳಿತಿದ್ದ ಅಪೂರ್ವ ಮುಖಿಜಾ ಏಪ್ರಿಲ್‌ನಲ್ಲಿ ತನಗೆ ಬಂದ ಸಂದೇಶಗಳನ್ನು ಜನರ ಮುಂದಿಟ್ಟರು: ಅತ್ಯಾಚಾರ ಮಾಡುತ್ತೇವೆ, ಆಸಿಡ್ ಎರಚುತ್ತೇವೆ, ಕೊಲ್ಲುತ್ತೇವೆ. ಸಂಸ್ಕೃತಿ ಕೆಟ್ಟಿತು ಎಂದು ಸಿಟ್ಟಾದವರ ಬರವಣಿಗೆ ಇದು. ಹೆತ್ತವರ ಬಗ್ಗೆ ಆಡಿದ ಮಾತಿಗೆ ನೊಂದೆವು ಎಂದವರು ಒಬ್ಬ ತಾಯಿ ಕೆಲಸ ಮಾಡುವ ಜಾಗಕ್ಕೇ ನುಗ್ಗುತ್ತಾರೆ ಎಂದರೆ ಅದನ್ನು ಯಾವ ನೋವು ಎಂದು ಕರೆಯೋಣ?

ಫೆಬ್ರುವರಿ 18ರಂದು ಸುಪ್ರೀಂ ಕೋರ್ಟಿನಲ್ಲಿ ಅಲಹಾಬಾದಿಯಾನ ಪರ ವಕೀಲ ಅಭಿನವ್ ಚಂದ್ರಚೂಡ್ ಈ ಬೆದರಿಕೆಗಳ ಬಗ್ಗೆ ಹೇಳಿದಾಗ ನ್ಯಾಯಪೀಠ, ನೀವು ಅಗ್ಗದ ಪ್ರಚಾರಕ್ಕೆ ಹೀಗೆ ಮಾತಾಡಿದರೆ ಬೆದರಿಸುವವರಿಗೂ ಅದೇ ಪ್ರಚಾರದ ಆಸೆ ಇರಬಹುದು ಎಂಬರ್ಥದ ಮಾತಾಡಿತೆಂದು ವರದಿಯಾಯಿತು. ಅದೇ ದಿನದ ಆದೇಶದಲ್ಲಿ ಬಂಧನದಿಂದ ರಕ್ಷಣೆ ಕೊಟ್ಟಿತು, ಬೆದರಿಕೆ ಬಂದರೆ ಪೊಲೀಸರ ರಕ್ಷಣೆ ಕೋರಬಹುದೆಂದೂ ಹೇಳಿತು, ನಿಜ. ಕೋರ್ಟಿನ ಮೇಲೆ ಪೂರ್ಣ ಗೌರವವಿಟ್ಟೇ ಹೇಳುತ್ತೇನೆ: ಜೋಕನ್ನೂ ಬೆದರಿಕೆಯನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಹೊಲಸು ಜೋಕು ಕಿವಿಗೆ ಬೀಳುವ ಅಸಹ್ಯ. ನಾಲಿಗೆ ಕತ್ತರಿಸುತ್ತೇನೆ ಎನ್ನುವುದು ಅಪರಾಧ.

ಈ ಗದ್ದಲದಲ್ಲಿ ನಿಜವಾಗಿ ನೊಂದವರ ಮಾತು ಕೇಳಿಸಲೇ ಇಲ್ಲ. ಅದೇ ರೈನಾ, ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಸ್ನಾಯು ಕ್ಷಯಿಸುವ ಕಾಯಿಲೆಯಿರುವ ಎರಡು ತಿಂಗಳ ಕೂಸಿನ 16 ಕೋಟಿ ರೂಪಾಯಿಯ ಚುಚ್ಚುಮದ್ದಿನ ಬಗ್ಗೆ ತಮಾಷೆ ಮಾಡಿದ್ದ. ಇಂಥ ಕೂಸುಗಳ ತಂದೆತಾಯಂದಿರು ಊರೂರು ಕೈಚಾಚಿ ದುಡ್ಡು ಕೂಡಿಸುವವರು. ಅವರಿಗಾಗಿ ಯಾವ ಮುಖ್ಯಮಂತ್ರಿಯೂ ರಾತ್ರೋರಾತ್ರಿ ಟ್ವೀಟ್ ಮಾಡಲಿಲ್ಲ, ಅವರಿಗಾಗಿ ಹ್ಯಾಷ್‌ಟ್ಯಾಗ್ ಏಳಲಿಲ್ಲ. ಈ ರೋಗಿಗಳ ಪರ ಕೆಲಸ ಮಾಡುವ ಪ್ರತಿಷ್ಠಾನವೊಂದು ಕೋರ್ಟಿಗೆ ಹೋಗಬೇಕಾಯಿತು. ಅವರು ಯಾರನ್ನೂ ಬೈಯಲಿಲ್ಲ, ಅರ್ಜಿ ಹಾಕಿ ಕಾದರು. 2025ರ ಆಗಸ್ಟ್ 25ರಂದು ಕೋರ್ಟು ರೈನಾ ಸೇರಿ ಐವರು ಹಾಸ್ಯ ಕಲಾವಿದರಿಗೆ ತಮ್ಮ ಚಾನೆಲ್‌ಗಳಲ್ಲೇ ಕ್ಷಮೆ ಕೇಳಲು ಹೇಳಿತು. ನವೆಂಬರ್‌ನಲ್ಲಿ ಆ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸುವ ಕಾರ್ಯಕ್ರಮಗಳನ್ನು ನಡೆಸಿ ಎಂದಿತು. ಇಡೀ ಪ್ರಕರಣದಲ್ಲಿ ನನಗೆ ಸಮಾಧಾನ ಕೊಟ್ಟದ್ದು ಇದೊಂದೇ. ನೋವು ಯಾರದು ಎಂದು ಗುರುತಿಸಿ, ಅವರಿಗೆ ಏನಾದರೂ ದಕ್ಕುವಂತೆ ಮಾಡಿದ ಆದೇಶ ಅದು.

ಈಗ ನಮ್ಮ ಪಕ್ಕದ ಗುರುಗ್ರಾಮಕ್ಕೆ ಬನ್ನಿ. ಪುಣೆಯಲ್ಲಿ ಕಾನೂನು ಓದುತ್ತಿದ್ದ ಶರ್ಮಿಷ್ಠಾ ಪನೋಲಿ ಎಂಬ 22ರ ಯುವತಿ ಆಪರೇಷನ್ ಸಿಂಧೂರದ ದಿನಗಳಲ್ಲಿ ಪಾಕಿಸ್ತಾನದ ಯಾರದೋ ಮಾತಿಗೆ ಎದುರಾಡುವ ಭರದಲ್ಲಿ ಒಂದು ಧರ್ಮವನ್ನು ಅವಹೇಳನ ಮಾಡುವ ವಿಡಿಯೋ ಹಾಕಿದಳು. ಬೆದರಿಕೆಗಳ ಮಳೆ ಸುರಿಯಿತು. ಮೇ 15ರಂದು ವಿಡಿಯೋ ಅಳಿಸಿ ಕ್ಷಮೆ ಕೇಳಿದಳು. ಮೇ 30ರ ರಾತ್ರಿ ಕೋಲ್ಕತ್ತ ಪೊಲೀಸರು ಗುರುಗ್ರಾಮಕ್ಕೇ ಬಂದು ಬಂಧಿಸಿದರು. ಜೂನ್ 5ರಂದು ಕಲ್ಕತ್ತಾ ಹೈಕೋರ್ಟ್ ಮಧ್ಯಂತರ ಜಾಮೀನು ಕೊಟ್ಟಿತು. ಅಷ್ಟರಲ್ಲಿ ನೆದರ್ಲೆಂಡ್ಸ್‌ನ ಸಂಸದ ಗೀರ್ಟ್ ವಿಲ್ಡರ್ಸ್ ಕೂಡ ಅವಳ ಪರ ಜಗಳಕ್ಕೆ ಇಳಿದಾಗಿತ್ತು! ಆಮೇಲೆ ಅವಳ ಮೇಲೆ ದೂರು ಕೊಟ್ಟಿದ್ದ ವಜಾಹತ್ ಖಾನ್ ಇನ್ನೊಂದು ಧರ್ಮದ ಬಗ್ಗೆ ಹಾಕಿದ್ದ ಹಳೆಯ ಪೋಸ್ಟ್‌ಗಳನ್ನು ಕೆದಕಿ ಅವನ ಮೇಲೂ ದೂರು ಬಿತ್ತು, ಅವನೂ ಬಂಧಿತನಾದ. ಒಂದು ಧರ್ಮದವರಿಗೆ ನೋವಾಗಿ ಶುರುವಾದದ್ದು ಎರಡೂ ಧರ್ಮದವರಿಗೆ ನೋವಾಗಿ ನಿಂತಿತು. ನಡುವೆ ಆ ಹುಡುಗಿಗೆ ಅತ್ಯಾಚಾರದ ಬೆದರಿಕೆ ಬರೆದವರ ಹೆಸರು ನಿಮಗೆ ಗೊತ್ತೇ? ನನಗಂತೂ ಗೊತ್ತಿಲ್ಲ. ಪತ್ರಿಕೆಗಳಲ್ಲಿ ನಾನು ಹುಡುಕಿ ಓದಿದವನು.

ಬೆದರಿಸಿದವನೇ ಗೆಲ್ಲುವ ಪದ್ಧತಿ ಹೊಸದೇನಲ್ಲ. ಬೆಂಗಳೂರಿನಲ್ಲಿ 2021ರ ನವೆಂಬರ್ 28ರ ಹಾಸ್ಯ ಕಲಾವಿದ ಮುನಾವರ್ ಫಾರೂಕಿ ಕಾರ್ಯಕ್ರಮ ರದ್ದಾಯಿತು. ಮರುವರ್ಷದ ಆಗಸ್ಟ್‌ನಲ್ಲಿ ಆತನ ದೆಹಲಿ ಕಾರ್ಯಕ್ರಮಕ್ಕೂ ಪೊಲೀಸರು ಅನುಮತಿ ಕೊಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಬಾರ್ ಒಂದರಲ್ಲಿ ಆಗಬೇಕಿದ್ದ ಇನ್ನೊಬ್ಬ ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಕಾರ್ಯಕ್ರಮ ವಿರೋಧದ ಮನವಿಪತ್ರವೊಂದರ ಹಿಂದೆಯೇ ರದ್ದು. ಗಲಾಟೆಯಾದೀತು ಎಂಬುದೇ ಪ್ರತಿ ಸಲದ ಕಾರಣ. ಗಲಾಟೆ ಮಾಡುತ್ತೇವೆ ಎಂದವರನ್ನು ಠಾಣೆಗೆ ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳುವುದು ಪೊಲೀಸರ ಕೆಲಸವಲ್ಲವೇ?

ಚುಚ್ಚುವ ಹಾಸ್ಯವೂ ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನಾಟಕ ನೋಡಿ ಬೆಳೆದವರು ನಾವು. ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಅವರು ರಂಗದ ಮೇಲೆ ಹಿಗ್ಗಾಮುಗ್ಗಾ ಜಾಡಿಸುತ್ತಿದ್ದರು. ಆದರೆ ಅದನ್ನು ಕೇಳಿದವರು ಟಿಕೆಟ್ ಕೊಂಡು ಮೂರು ತಾಸು ಕೂತು ನಾಟಕವನ್ನು ಇಡಿಯಾಗಿ ನೋಡಿದವರು. ಇಂದು ಗಂಟೆಗಟ್ಟಲೆ ನಡೆಯುವ ಕಾರ್ಯಕ್ರಮದಿಂದ ಅರ್ಧ ನಿಮಿಷ ಕತ್ತರಿಸಿ, ಯಾರು ಹೆಚ್ಚು ಕೆರಳುತ್ತಾರೋ ಅವರ ಕೈಗೇ ಅದನ್ನು ತಲುಪಿಸುವ ವ್ಯವಸ್ಥೆ ಇದೆ. ಬೈಗುಳ ಹೆಚ್ಚಿದಷ್ಟೂ ಆ ತುಣುಕು ಮತ್ತಷ್ಟು ಜನರಿಗೆ ತಲುಪುತ್ತದೆ. ಕಂಪನಿಗೆ ಜಾಹೀರಾತಿನ ದುಡ್ಡು, ಕತ್ತರಿಸಿ ಹಾಕಿದವನಿಗೆ ಹಿಂಬಾಲಕರು.

ಇದು ದೊಡ್ಡವರ ಕತೆಯಷ್ಟೇ ಅಲ್ಲ. ನೊಯಿಡಾದ ಅಪಾರ್ಟ್‌ಮೆಂಟ್ ಒಂದರಲ್ಲಿರುವ ನಮ್ಮ ಪರಿಚಯದ ಕನ್ನಡ ಕುಟುಂಬಕ್ಕೆ ಆದದ್ದನ್ನು ಕೇಳಿ. ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ 'ಮದ್ರಾಸಿ'ಗಳ ಊಟದ ಬಗ್ಗೆ, ಮೈಬಣ್ಣದ ಬಗ್ಗೆ ಒಂದು ಜೋಕು ಹಾಕಿದರು. ಮನೆಯ ಮಗಳು, ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ಹುಡುಗಿ, "ಅಂಕಲ್, ಇದು ನಗುವ ಮಾತಲ್ಲ" ಎಂದು ಹಿಂದಿಯಲ್ಲಿ ಬರೆದಳು. ತಮಾಷೆ ತಿಳಿಯದವಳು ಎಂದ ಒಬ್ಬ. ನಿಮ್ಮೂರಲ್ಲಿ ನಮ್ಮವರಿಗೆ ಏನು ಮಾಡುತ್ತೀರೋ ಗೊತ್ತಿದೆ ಎಂದು ಬೆಂಗಳೂರಿನ ಭಾಷಾ ಜಗಳ ಎಳೆದು ತಂದ ಇನ್ನೊಬ್ಬ. ಇವಳ ಕಡೆಯ ಹುಡುಗರು ಬಿಹಾರದವರನ್ನು ಬೈದು ಉತ್ತರ ಕೊಟ್ಟರು, ಅದೂ ಅಷ್ಟೇ ಹೊಲಸು. ರಾತ್ರಿಯಾಗುವ ಹೊತ್ತಿಗೆ ಅವಳ ಫೋಟೋ, ಟವರ್ ಮತ್ತು ಫ್ಲ್ಯಾಟ್ ನಂಬರು ಬೇರೆ ಗುಂಪುಗಳಲ್ಲಿದ್ದವು. ಗೊತ್ತಿಲ್ಲದ ನಂಬರುಗಳಿಂದ ಬಂದ ಸಂದೇಶಗಳನ್ನು ಅವಳ ತಾಯಿ ನನಗೆ ಓದಲು ಕೊಟ್ಟರು, ಪೂರ್ತಿ ಓದಲಾಗಲಿಲ್ಲ. ಪೊಲೀಸ್ ಚೌಕಿಯಲ್ಲಿ ಸಿಕ್ಕ ಸಲಹೆ: "ಬ್ಲಾಕ್ ಮಾಡಿ, ಮನೆಗೆ ಹೋಗಿ." ಆ ತಾಯಿ ಸಂಜೆ ಪಾರ್ಕಿಗೆ ಇಳಿಯುವುದನ್ನು ಬಿಟ್ಟಿದ್ದಾರೆ.

ಕಾನೂನು ಇಲ್ಲ ಎನ್ನುವಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ ಪ್ರಕಾರ ಕೊಲ್ಲುವ ಬೆದರಿಕೆಗೆ 7 ವರ್ಷದವರೆಗೆ ಜೈಲು, ಹೆಸರು ಮುಚ್ಚಿಟ್ಟು ಬೆದರಿಸಿದರೆ ಅದರ ಮೇಲೆ ಇನ್ನೂ 2 ವರ್ಷದವರೆಗೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ 79ನೇ ಸೆಕ್ಷನ್ ಇದೆ, ಬೆನ್ನುಹತ್ತಿ ಕಾಡುವುದಕ್ಕೆ 78 ಇದೆ. ಇನ್ನೊಂದು ಕಡೆ, 'ಕಿರಿಕಿರಿ', 'ಅವಹೇಳನ' ಎಂಬಂಥ ಅಂಕೆಯಿಲ್ಲದ ಪದಗಳಿಂದ ಜನರನ್ನು ಜೈಲಿಗೆ ಹಾಕುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ದೆಹಲಿಯ ಶ್ರೇಯಾ ಸಿಂಘಲ್ ಎಂಬ ಯುವತಿ ಹೂಡಿದ ಮೊಕದ್ದಮೆಯಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟೇ ತೆಗೆದುಹಾಕಿತು. ಅದನ್ನು ಮಾರ್ಗಸೂಚಿಯ ಹೆಸರಿನಲ್ಲಿ ಹಿಂಬಾಗಿಲಿಂದ ತಂದರೆ ಸಿಕ್ಕಿಬೀಳುವುದು ಮತ್ತೆ ಮಾತಾಡಿದವರೇ ಹೊರತು ಬೆದರಿಸಿದವರಲ್ಲ.

ಆದ್ದರಿಂದ ಸರ್ಕಾರದ ಮುಂದೆ ನನ್ನ ಒತ್ತಾಯ ಇಷ್ಟೇ. ಮೊದಲು ಬೆದರಿಕೆಯ ದೂರನ್ನು ಯಾವ ಚೌಕಿಯೂ ವಾಪಸ್ ಕಳಿಸದಂತೆ ಆದೇಶವಾಗಲಿ. ಮನೆಯ ವಿಳಾಸ ಹರಿಬಿಟ್ಟ ಪೋಸ್ಟನ್ನು ಕಂಪನಿಗಳು ಗಂಟೆಗಳಲ್ಲಿ ತೆಗೆಯಲಿ, ಖಾತೆಯ ವಿವರ ಪೊಲೀಸರಿಗೆ ಕೊಡಲಿ. ದುರ್ಬಲರನ್ನು ಗೇಲಿ ಮಾಡಿದವರ ವಿಷಯದಲ್ಲಿ, ಕೋರ್ಟು ತೋರಿದಂತೆ, ನೊಂದವರಿಗೆ ನೆರವಾಗುವ ಪರಿಹಾರ ಇರಲಿ.

ಸಂಪಾದಕರೇ, ನಿಮ್ಮಲ್ಲೂ ಒಂದು ವಿನಂತಿ. ಇಂಥ ಜಗಳ ಎದ್ದಾಗ ಪತ್ರಿಕೆಗಳು ಆ ಜೋಕನ್ನು ಚೌಕಟ್ಟಿನಲ್ಲಿ ಹಾಕಿ, ಪರ ವಿರೋಧದ ಟ್ವೀಟುಗಳನ್ನು ಸಾಲಾಗಿ ಜೋಡಿಸುತ್ತವೆ. ಅದನ್ನು ಬಿಟ್ಟು, ನಿಮ್ಮ ವರದಿಗಾರರು ಸಂಬಂಧಪಟ್ಟ ಠಾಣೆಗೆ ಹೋಗಿ, ಬೆದರಿಕೆ ಹಾಕಿದವರ ಮೇಲೆ ಎಷ್ಟು ಎಫ್‌ಐಆರ್ ದಾಖಲಾಗಿದೆ, ಎಷ್ಟರಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆ ಎಂದು ಕೇಳಲಿ. ಉತ್ತರ ಸೊನ್ನೆಯಾದರೆ ಆ ಸೊನ್ನೆಯನ್ನೇ ಮುಖಪುಟದಲ್ಲಿ ಹಾಕಿ.

ನಿಮ್ಮ ಓದುಗ,
ಮಯೂರ್ ವಿಹಾರ್, ದೆಹಲಿ